ತೈಲ ಕಂಪನಿಗಳ ಮುಖ್ಯಸ್ಥರ ಅಮೆರಿಕ ಸಂಸತ್ ವಿಚಾರಣೆ (೨೦೨೧)

ತೈಲ ಕಂಪನಿಗಳ ಮುಖ್ಯಸ್ಥರ ಅಮೆರಿಕ ಸಂಸತ್ ವಿಚಾರಣೆಯು ೨೦೨೧ರ ಅಕ್ಟೋಬರ್ ೨೮ರಂದು ನಡೆಯಿತು. ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಮೇಲ್ವಿಚಾರಣೆ ಮತ್ತು ಸುಧಾರಣಾ ಸಮಿತಿಯು ಇದನ್ನು ಬಹಿರಂಗವಾಗಿ ನಡೆಸಿತು. ಎಕ್ಸಾನ್‌ಮೊಬಿಲ್, ಶೆವ್ರಾನ್, ಬಿಪಿ ಅಮೆರಿಕ ಮತ್ತು ಶೆಲ್ ಆಯಿಲ್ ಕಂಪನಿಗಳ ಮುಖ್ಯಸ್ಥರು ಹವಾಮಾನ ಬದಲಾವಣೆಯ ಕುರಿತ ತಪ್ಪು ಮಾಹಿತಿಯ ವಿಷಯದಲ್ಲಿ ಪ್ರಮಾಣವಚನದ ಮೇಲೆ ಒಟ್ಟಿಗೆ ಉತ್ತರಿಸಿದ್ದು ಇದೇ ಮೊದಲು. ಪಳೆಯುಳಿಕೆ ಇಂಧನಗಳಿಂದ ನವೀಕರಿಸಬಹುದಾದ ಇಂಧನಗಳತ್ತ ಸಾಗುತ್ತಿದ್ದೇವೆಂದು ಜಾಹೀರಾತು ನೀಡುವ ಕಂಪನಿಗಳು ತಮ್ಮ ಹಣವನ್ನು ವಾಸ್ತವವಾಗಿ ಎಲ್ಲಿ ತೊಡಗಿಸುತ್ತಿವೆ ಎಂಬುದು ವಿಚಾರಣೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು. ಸಮಿತಿಯ ಅಧ್ಯಕ್ಷೆ ಕ್ಯಾರೊಲಿನ್ ಮಲೋನಿ, ಪರಿಸರ ಉಪಸಮಿತಿಯ ಅಧ್ಯಕ್ಷ ರೋ ಖನ್ನಾ ಮತ್ತು ಸದಸ್ಯೆ ಕೇಟಿ ಪೋರ್ಟರ್ ಕೇಳಿದ ಪ್ರಶ್ನೆಗಳು ಹೆಚ್ಚು ಚರ್ಚೆಗೆ ಒಳಗಾದವು.

ಹಿನ್ನೆಲೆ

ಪೆಟ್ರೋಲಿಯಂ ಉರಿಸುವುದರಿಂದ ಭೂಮಿಯ ತಾಪಮಾನ ಏರುತ್ತದೆ ಎಂಬ ವಿಷಯ ತೈಲೋದ್ಯಮಕ್ಕೆ ತಡವಾಗಿ ತಿಳಿದದ್ದಲ್ಲ. ೧೯೭೭ರಲ್ಲಿಯೇ ಎಕ್ಸಾನ್ ಕಂಪನಿಯ ಹಿರಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇದನ್ನು ಕಂಪನಿಯ ಆಡಳಿತ ಸಮಿತಿಗೆ ವಿವರಿಸಿದ್ದರು. ಅದಾದ ಎರಡು ವರ್ಷಗಳಲ್ಲಿ ಕಂಪನಿಯು ತನ್ನ 'ಎಸ್ಸೋ ಅಟ್ಲಾಂಟಿಕ್' ಎಂಬ ಬೃಹತ್ ತೈಲ ಹಡಗಿಗೆ ಉಪಕರಣಗಳನ್ನು ಅಳವಡಿಸಿ, ಸಾಗರ ಮತ್ತು ವಾಯುಮಂಡಲದಲ್ಲಿರುವ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅಳೆಯುವ ಯೋಜನೆಯನ್ನು ಕೈಗೊಂಡಿತು. ಕಂಪನಿಯ ವಿಜ್ಞಾನಿಗಳು ೧೯೭೭ರಿಂದ ೨೦೦೩ರವರೆಗೆ ಮಾಡಿದ ತಾಪಮಾನದ ಮುನ್ನಂದಾಜುಗಳನ್ನು ಸುಪ್ರಾನ್, ರಾಮ್‌ಸ್ಟಾರ್ಫ್ ಮತ್ತು ಒರೆಸ್ಕಸ್ ಎಂಬ ಸಂಶೋಧಕರು ಮುಂದೆ ಪರಿಶೀಲಿಸಿದರು. ಅವುಗಳಲ್ಲಿ ಶೇ. ೬೩ರಿಂದ ೮೩ರಷ್ಟು ನಿಖರವಾಗಿದ್ದವು ಎಂದು ಅವರು ೨೦೨೩ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ಸಾರ್ವಜನಿಕರಿಗೆ ತಲುಪಿದ ಮಾತೇ ಬೇರೆಯಾಗಿತ್ತು. ೧೯೮೮ರ ಜೂನ್‌ನಲ್ಲಿ ನಾಸಾ ಸಂಸ್ಥೆಯ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಮುಂದೆ ಸಾಕ್ಷ್ಯ ನುಡಿದು ತಾಪಮಾನ ಏರಿಕೆ ಆಗಲೇ ಆರಂಭವಾಗಿದೆ ಎಂದರು. ಮರುವರ್ಷ ತೈಲ, ಕಲ್ಲಿದ್ದಲು ಮತ್ತು ಮೋಟಾರು ಉದ್ಯಮಗಳು ಸೇರಿ 'ಗ್ಲೋಬಲ್ ಕ್ಲೈಮೇಟ್ ಕೊಯಲಿಶನ್' ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಹವಾಮಾನ ವಿಜ್ಞಾನ ಇನ್ನೂ ಅನಿಶ್ಚಿತವಾಗಿದೆ ಎಂಬ ಭಾವನೆಯನ್ನು ಜನರಲ್ಲಿ ಉಳಿಸುವುದು ಅದರ ಕಾರ್ಯಗಳಲ್ಲಿ ಒಂದಾಗಿತ್ತು. ೧೯೯೦ರ ದಶಕದಲ್ಲಿ ಎಕ್ಸಾನ್ ಮುಖ್ಯಸ್ಥರಾಗಿದ್ದ ಲೀ ರೇಮಂಡ್ ತಮ್ಮ ಭಾಷಣಗಳಲ್ಲಿ ಇದೇ ಅನಿಶ್ಚಿತತೆಯನ್ನು ಒತ್ತಿ ಹೇಳಿದರು.

೨೦೧೫ರಲ್ಲಿ 'ಇನ್‌ಸೈಡ್ ಕ್ಲೈಮೇಟ್ ನ್ಯೂಸ್' ಸಂಸ್ಥೆಯು ಎಕ್ಸಾನ್‌ನ ಹಳೆಯ ಕಡತಗಳನ್ನು ಆಧರಿಸಿ ಲೇಖನಮಾಲೆಯನ್ನು ಪ್ರಕಟಿಸಿದ ಮೇಲೆ ಈ ಎರಡು ನಾಲಿಗೆಯ ವ್ಯವಹಾರ ಸಾರ್ವಜನಿಕ ಚರ್ಚೆಗೆ ಬಂದಿತು. ೨೦೨೧ರ ಮೇ ತಿಂಗಳಲ್ಲಿ 'ಎಂಜಿನ್ ನಂಬರ್ ಒನ್' ಎಂಬ ಸಣ್ಣ ಹೂಡಿಕೆ ಸಂಸ್ಥೆಯು ಎಕ್ಸಾನ್‌ಮೊಬಿಲ್ ಆಡಳಿತ ಮಂಡಳಿಯ ಮೂರು ಸ್ಥಾನಗಳನ್ನು ಗೆದ್ದುಕೊಂಡಿತು. ಅದೇ ದಿನ ನೆದರ್ಲೆಂಡ್ಸ್‌ನ ನ್ಯಾಯಾಲಯವೊಂದು ೨೦೩೦ರೊಳಗೆ ಮಾಲಿನ್ಯ ಹೊರಸೂಸುವಿಕೆಯನ್ನು ೨೦೧೯ರ ಮಟ್ಟಕ್ಕಿಂತ ಶೇ. ೪೫ರಷ್ಟು ತಗ್ಗಿಸುವಂತೆ ಶೆಲ್ ಕಂಪನಿಗೆ ಆದೇಶಿಸಿತು. ಜೂನ್ ಅಂತ್ಯದಲ್ಲಿ ಎಕ್ಸಾನ್‌ಮೊಬಿಲ್ ಪರವಾಗಿ ವಾಷಿಂಗ್ಟನ್‌ನಲ್ಲಿ ಲಾಬಿ ಮಾಡುತ್ತಿದ್ದ ಹಿರಿಯ ಅಧಿಕಾರಿಯೊಬ್ಬರ ಮಾತುಗಳನ್ನು ಗ್ರೀನ್‌ಪೀಸ್ ಸಂಸ್ಥೆಯ ಪತ್ರಕರ್ತರು ಗುಪ್ತವಾಗಿ ಚಿತ್ರೀಕರಿಸಿ ಬಹಿರಂಗಪಡಿಸಿದರು. ಇಂಗಾಲದ ತೆರಿಗೆಗೆ ಕಂಪನಿ ನೀಡುವ ಬೆಂಬಲ ಕೇವಲ ಬಾಯಿಮಾತಿನದು ಎಂಬರ್ಥದ ಮಾತು ಅದರಲ್ಲಿತ್ತು. ಇದಾದ ಬಳಿಕ ಮಲೋನಿ ಮತ್ತು ಖನ್ನಾ ತನಿಖೆಯನ್ನು ಆರಂಭಿಸಿ, ಸೆಪ್ಟೆಂಬರ್ ೧೬ರಂದು ನಾಲ್ಕು ಕಂಪನಿಗಳಿಗೂ ಎರಡು ಉದ್ಯಮ ಸಂಘಗಳಿಗೂ ಪತ್ರ ಬರೆದು, ದಾಖಲೆಗಳನ್ನು ಸಲ್ಲಿಸುವಂತೆಯೂ ವಿಚಾರಣೆಗೆ ಹಾಜರಾಗುವಂತೆಯೂ ಕೇಳಿದರು.

ವಿಚಾರಣೆಯ ಸ್ವರೂಪ

ಅಮೆರಿಕದ ಸಂಸದೀಯ ಸಮಿತಿಗಳ ಕಾರ್ಯವಿಧಾನವನ್ನು ತಿಳಿಯದೆ ಈ ಘಟನೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಭಾರತದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಂತಹ ಸಂಸದೀಯ ಸಮಿತಿಗಳು ಮುಚ್ಚಿದ ಬಾಗಿಲಿನ ಒಳಗೆ ಸಭೆ ಸೇರುತ್ತವೆ; ಅಲ್ಲಿ ಏನು ನಡೆಯಿತೆಂಬುದು ವರದಿ ಮಂಡನೆಯಾದ ಮೇಲಷ್ಟೇ ಜನರಿಗೆ ತಿಳಿಯುತ್ತದೆ. ಅಮೆರಿಕದ ವಿಚಾರಣೆಗಳು ಸಾಮಾನ್ಯವಾಗಿ ನೇರ ಪ್ರಸಾರವಾಗುತ್ತವೆ. ಪ್ರತಿಯೊಬ್ಬ ಸದಸ್ಯನಿಗೂ ದೊರೆಯುವುದು ಐದು ನಿಮಿಷ ಮಾತ್ರ. ಆ ಐದು ನಿಮಿಷಗಳಲ್ಲಿ ಸಾಕ್ಷಿಯಿಂದ 'ಹೌದು' ಅಥವಾ 'ಇಲ್ಲ' ಎಂಬ ಉತ್ತರವನ್ನು ಪಡೆಯಲು ಸದಸ್ಯರು ಹೆಣಗುತ್ತಾರೆ. ಸಾಕ್ಷಿಗಳು ದೀರ್ಘ ವಿವರಣೆಯಲ್ಲಿ ಕಾಲ ಕಳೆಯಲು ನೋಡುತ್ತಾರೆ. ಪ್ರಮಾಣವಚನದ ಮೇಲೆ ಬೇಕೆಂದೇ ಸುಳ್ಳು ಹೇಳುವುದು ಅಪರಾಧವಾದ್ದರಿಂದ, ನೇರ ಉತ್ತರವನ್ನು ತಪ್ಪಿಸುವುದೇ ಸಾಕ್ಷಿಗೆ ಕ್ಷೇಮಕರವಾದ ದಾರಿ.

ಈ ತನಿಖೆಗೆ ಮಾದರಿಯಾದದ್ದು ೧೯೯೪ರ ಏಪ್ರಿಲ್ ೧೪ರ ತಂಬಾಕು ವಿಚಾರಣೆ. ಹೆನ್ರಿ ವ್ಯಾಕ್ಸ್‌ಮನ್ ಅಧ್ಯಕ್ಷರಾಗಿದ್ದ ಉಪಸಮಿತಿಯ ಮುಂದೆ ಏಳು ಸಿಗರೇಟು ಕಂಪನಿಗಳ ಮುಖ್ಯಸ್ಥರು ಸಾಲಾಗಿ ನಿಂತು ಪ್ರಮಾಣ ಸ್ವೀಕರಿಸಿ, ನಿಕೋಟಿನ್ ಚಟ ಹಿಡಿಸುವ ವಸ್ತುವಲ್ಲವೆಂದು ತಾವು ನಂಬುವುದಾಗಿ ಹೇಳಿದ್ದರು. ಆ ಛಾಯಾಚಿತ್ರ ಮುಂದೆ ತಂಬಾಕು ಉದ್ಯಮಕ್ಕೆ ಬಹಳ ದುಬಾರಿಯಾಯಿತು. ತೈಲ ಕಂಪನಿಗಳ ಮುಖ್ಯಸ್ಥರು ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದರು. ಹವಾಮಾನ ಬದಲಾವಣೆ ನಿಜ, ಅದಕ್ಕೆ ಪಳೆಯುಳಿಕೆ ಇಂಧನಗಳು ಕಾರಣ, ಪ್ಯಾರಿಸ್ ಒಪ್ಪಂದಕ್ಕೆ ತಮ್ಮ ಬೆಂಬಲವಿದೆ ಎಂಬ ಮಾತುಗಳಿಂದಲೇ ಅವರು ತಮ್ಮ ಹೇಳಿಕೆಗಳನ್ನು ಆರಂಭಿಸಿದರು. ಹೀಗಾಗಿ 'ನೀವು ವಿಜ್ಞಾನವನ್ನು ಒಪ್ಪುತ್ತೀರಾ' ಎಂಬ ಪ್ರಶ್ನೆಗೆ ಹೆಚ್ಚಿನ ಬೆಲೆ ಉಳಿಯಲಿಲ್ಲ.

ಎಕ್ಸಾನ್‌ಮೊಬಿಲ್‌ನ ಡ್ಯಾರೆನ್ ವುಡ್ಸ್, ಶೆವ್ರಾನ್‌ನ ಮೈಕೆಲ್ ವರ್ತ್, ಬಿಪಿ ಅಮೆರಿಕದ ಡೇವಿಡ್ ಲಾಲರ್, ಶೆಲ್ ಆಯಿಲ್‌ನ ಗ್ರೆಚೆನ್ ವಾಟ್ಕಿನ್ಸ್ ಅವರಲ್ಲದೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ (ಎಪಿಐ) ಮೈಕ್ ಸಾಮರ್ಸ್ ಮತ್ತು ಅಮೆರಿಕ ವಾಣಿಜ್ಯ ಮಂಡಳಿಯ ಸುಝಾನ್ ಕ್ಲಾರ್ಕ್ ಸಾಕ್ಷಿಗಳಾಗಿದ್ದರು. ಕೋವಿಡ್ ಕಾಲವಾಗಿದ್ದುದರಿಂದ ಕಂಪನಿ ಮುಖ್ಯಸ್ಥರು ವಿಡಿಯೊ ಮೂಲಕ ಹಾಜರಾದರು. ತಂಬಾಕು ವಿಚಾರಣೆಯ ಆ ಪ್ರಸಿದ್ಧ ಸಾಲು ಇಲ್ಲಿ ಮರುಕಳಿಸಲಿಲ್ಲ.

ಮಲೋನಿ ಮತ್ತು ಖನ್ನಾ ಅವರ ಪ್ರಶ್ನೆಗಳು

ಮಲೋನಿಯವರು ಲೀ ರೇಮಂಡ್‌ರ ಹಳೆಯ ಹೇಳಿಕೆಗಳನ್ನು ವುಡ್ಸ್ ಅವರ ಮುಂದಿಟ್ಟರು. ಅಂದಿನ ಹೇಳಿಕೆಗಳು ಅಂದಿನ ವಿಜ್ಞಾನಕ್ಕೆ ಅನುಗುಣವಾಗಿದ್ದವು, ವಿಜ್ಞಾನ ಬೆಳೆದಂತೆ ಕಂಪನಿಯ ತಿಳಿವಳಿಕೆಯೂ ಬೆಳೆದಿದೆ ಎಂಬುದು ವುಡ್ಸ್ ಅವರ ಉತ್ತರದ ತಾತ್ಪರ್ಯ. ೧೯೭೭ರ ದಾಖಲೆಗಳನ್ನು ಬಲ್ಲವರಿಗೆ ಈ ಉತ್ತರ ಸಮಾಧಾನ ನೀಡುವಂಥದಲ್ಲ. ಬಳಿಕ ಮಲೋನಿ, ಮಾಲಿನ್ಯ ತಗ್ಗಿಸುವ ಪ್ರಯತ್ನಗಳನ್ನು ವಿರೋಧಿಸಲು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಇನ್ನು ಮುಂದೆ ಹಣ ವ್ಯಯಿಸುವುದಿಲ್ಲ ಎಂದು ಮಾತು ಕೊಡುವಿರಾ ಎಂದು ನಾಲ್ವರನ್ನೂ ಕೇಳಿದರು. ಸ್ಪಷ್ಟವಾಗಿ ಮಾತು ಕೊಟ್ಟವರಿಲ್ಲ.

ರೋ ಖನ್ನಾ ೧೯೭೬ರಲ್ಲಿ ಫಿಲಡೆಲ್ಫಿಯಾದಲ್ಲಿ ಪಂಜಾಬಿ ಮೂಲದ ದಂಪತಿಗಳಿಗೆ ಜನಿಸಿದವರು. ತಾಯಿಯ ತಂದೆ ಅಮರನಾಥ ವಿದ್ಯಾಲಂಕಾರ್ ಲಾಲಾ ಲಜಪತ ರಾಯರ ಒಡನಾಡಿಯಾಗಿದ್ದು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆವಾಸ ಅನುಭವಿಸಿ, ಸ್ವತಂತ್ರ ಭಾರತದಲ್ಲಿ ಸಂಸದರಾದವರು. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯನ್ನು ಪ್ರತಿನಿಧಿಸುವ ಖನ್ನಾ ಅವರ ಪ್ರಶ್ನೆಗಳು ಎರಡು ವಿಷಯಗಳ ಸುತ್ತ ಇದ್ದವು.

ಮೊದಲನೆಯದು ಉದ್ಯಮ ಸಂಘಗಳ ಪಾತ್ರ. ಕಂಪನಿಗಳು ತಮ್ಮ ಹೆಸರಿನಲ್ಲಿ ವಿದ್ಯುತ್ ವಾಹನಗಳನ್ನೂ ಮೀಥೇನ್ ನಿಯಂತ್ರಣವನ್ನೂ ಹೊಗಳುತ್ತಿದ್ದವು. ಅವೇ ಕಂಪನಿಗಳು ಸದಸ್ಯತ್ವ ಶುಲ್ಕ ತೆರುವ ಎಪಿಐ, ವಿದ್ಯುತ್ ವಾಹನಗಳಿಗೆ ನೀಡುವ ರಿಯಾಯಿತಿಯನ್ನೂ ಮೀಥೇನ್ ಸೋರಿಕೆಗೆ ವಿಧಿಸಬೇಕೆಂದಿದ್ದ ಶುಲ್ಕವನ್ನೂ ವಿರೋಧಿಸುತ್ತಿತ್ತು. ಈ ವಿರೋಧವನ್ನು ನಿಲ್ಲಿಸುವಂತೆ ಸಂಘಕ್ಕೆ ಇಲ್ಲಿಯೇ ಹೇಳುವಿರಾ ಎಂದು ಖನ್ನಾ ಒಬ್ಬೊಬ್ಬರನ್ನೂ ಕೇಳಿದರು. ಸಂಘದ ಎಲ್ಲ ನಿಲುವುಗಳನ್ನೂ ತಾವು ಒಪ್ಪಬೇಕಾಗಿಲ್ಲ, ಒಳಗಿದ್ದುಕೊಂಡೇ ಅದನ್ನು ತಿದ್ದಬಹುದು ಎಂಬ ಧಾಟಿಯಲ್ಲಿ ಉತ್ತರಗಳು ಬಂದವು. ಒಳಗಿರುವುದು ಅನಿವಾರ್ಯವೇನೂ ಆಗಿರಲಿಲ್ಲ. ಫ್ರಾನ್ಸಿನ ಟೋಟಲ್ ಕಂಪನಿಯು ಹವಾಮಾನ ನೀತಿಯ ಭಿನ್ನಾಭಿಪ್ರಾಯದಿಂದಾಗಿ ಅದೇ ವರ್ಷದ ಜನವರಿಯಲ್ಲಿ ಎಪಿಐ ತೊರೆಯುವುದಾಗಿ ಪ್ರಕಟಿಸಿತ್ತು.

ಎರಡನೆಯದು ಉತ್ಪಾದನೆಯ ಪ್ರಶ್ನೆ. ಬಿಪಿ ಕಂಪನಿಯು ೨೦೩೦ರೊಳಗೆ ತನ್ನ ತೈಲ ಮತ್ತು ಅನಿಲ ಉತ್ಪಾದನೆಯನ್ನು ೨೦೧೯ರ ಮಟ್ಟಕ್ಕಿಂತ ಶೇ. ೪೦ರಷ್ಟು ಇಳಿಸುವುದಾಗಿ ೨೦೨೦ರಲ್ಲಿ ಘೋಷಿಸಿತ್ತು. ಶೆಲ್ ತನ್ನ ತೈಲ ಉತ್ಪಾದನೆ ೨೦೧೯ರಲ್ಲೇ ಶಿಖರ ಮುಟ್ಟಿದೆ, ಇನ್ನು ವರ್ಷಕ್ಕೆ ಶೇ. ೧ರಿಂದ ೨ರಷ್ಟು ಇಳಿಯಲಿದೆ ಎಂದಿತ್ತು. ಯೂರೋಪಿನ ಕಂಪನಿಗಳು ಇಳಿಸುತ್ತಿರುವಾಗ ಅಮೆರಿಕದ ಕಂಪನಿಯಾಗಿ ನಿಮ್ಮ ಉತ್ಪಾದನೆ ಏರುತ್ತಿರುವುದು ನಿಮಗೆ ನಾಚಿಕೆ ಎನಿಸುವುದಿಲ್ಲವೇ ಎಂದು ಖನ್ನಾ ಶೆವ್ರಾನ್‌ನ ವರ್ತ್ ಅವರನ್ನು ಕೇಳಿದರು. ತಮ್ಮ ಕಂಪನಿಯ ಬಗ್ಗೆ ತಮಗೆ ಹೆಮ್ಮೆಯಿದೆ ಎಂದು ವರ್ತ್ ಉತ್ತರಿಸಿದರು. ಎಕ್ಸಾನ್‌ಮೊಬಿಲ್ ಮತ್ತು ಶೆವ್ರಾನ್ ಗಾಳಿ ಮತ್ತು ಸೌರ ವಿದ್ಯುತ್ತಿನ ಕಡೆಗೆ ಹೆಚ್ಚು ಒಲವು ತೋರಿದ ಕಂಪನಿಗಳಲ್ಲ. ಇಂಗಾಲ ಹಿಡಿದಿಡುವ ತಂತ್ರಜ್ಞಾನ, ಜಲಜನಕ, ಜೈವಿಕ ಇಂಧನಗಳೇ ತಮ್ಮ ಅನುಭವಕ್ಕೆ ಹೊಂದುವ ದಾರಿಗಳೆಂಬುದು ಅವುಗಳ ವಾದ. ಖನ್ನಾ ಮಾದರಿಯೆಂದು ತೋರಿಸಿದ ಯೂರೋಪಿನ ಕಂಪನಿಗಳು ಮುಂದೆ ಏನು ಮಾಡಿದವು ಎಂಬುದನ್ನು ಕೆಳಗೆ ವಿವರಿಸಲಾಗಿದೆ.

ಪೋರ್ಟರ್ ಅವರ ಮಿಠಾಯಿ ಮತ್ತು ಅಕ್ಕಿ

ಕಾನೂನು ಪ್ರಾಧ್ಯಾಪಕಿಯಾಗಿದ್ದ ಕೇಟಿ ಪೋರ್ಟರ್ ಬಿಳಿ ಹಲಗೆಯ ಮೇಲೆ ಲೆಕ್ಕ ಬರೆದು ಸಾಕ್ಷಿಗಳನ್ನು ಪ್ರಶ್ನಿಸುವುದಕ್ಕೆ ಹೆಸರಾದವರು. ಈ ಬಾರಿ ಅವರು ಆಯ್ದುಕೊಂಡದ್ದು ತಿನ್ನುವ ವಸ್ತುಗಳನ್ನು. ಹವಾಮಾನ ಸವಾಲನ್ನು ಎದುರಿಸುತ್ತಲೇ ಇಂಧನ ಬೇಡಿಕೆ ಪೂರೈಸುವುದು ಈ ಕಾಲದ ಮಹತ್ತರ ಸವಾಲುಗಳಲ್ಲಿ ಒಂದೆಂದು ಶೆಲ್ ತನ್ನ ವಾರ್ಷಿಕ ವರದಿಯಲ್ಲಿ ಬರೆದುಕೊಂಡಿತ್ತು. ಆ ಸವಾಲಿಗೆ ಕಂಪನಿ ಎಷ್ಟು ಹಣ ಮೀಸಲಿಟ್ಟಿದೆ ಎಂಬುದನ್ನು ಅವರು 'ಎಂ ಆಂಡ್ ಎಂ' ಎಂಬ ಬಣ್ಣದ ಮಿಠಾಯಿಗಳ ಮೂಲಕ ತೋರಿಸಿದರು. ತೈಲ, ಅನಿಲ ಮತ್ತು ರಾಸಾಯನಿಕಗಳ ಪಾಲಿನ ರಾಶಿ ದೊಡ್ಡದು. ನವೀಕರಿಸಬಹುದಾದ ಇಂಧನದ ಪಾಲು ಚಿಕ್ಕದು.

ಶೆಲ್ ೨೦೨೧ರ ಫೆಬ್ರವರಿಯಲ್ಲಿ ಪ್ರಕಟಿಸಿದ ಯೋಜನೆಯಂತೆ ವಾರ್ಷಿಕ ಬಂಡವಾಳ ವೆಚ್ಚ ೧,೯೦೦ ಕೋಟಿಯಿಂದ ೨,೨೦೦ ಕೋಟಿ ಡಾಲರ್. ಅದರಲ್ಲಿ ತೈಲ ಮತ್ತು ಅನಿಲ ಹೊರತೆಗೆಯುವುದಕ್ಕೆ ಸುಮಾರು ೮೦೦ ಕೋಟಿ, ದ್ರವೀಕೃತ ಅನಿಲ ಮುಂತಾದ ಅನಿಲ ವ್ಯವಹಾರಕ್ಕೆ ಸುಮಾರು ೪೦೦ ಕೋಟಿ, ರಾಸಾಯನಿಕ ಮತ್ತು ಸಂಸ್ಕರಣೆಗೆ ೪೦೦ರಿಂದ ೫೦೦ ಕೋಟಿ, ಪೆಟ್ರೋಲ್ ಬಂಕ್ ಮೊದಲಾದ ಮಾರಾಟ ಜಾಲಕ್ಕೆ ಸುಮಾರು ೩೦೦ ಕೋಟಿ, 'ನವೀಕರಿಸಬಹುದಾದ ಇಂಧನ ಮತ್ತು ಇಂಧನ ಪರಿಹಾರಗಳು' ಎಂಬ ವಿಭಾಗಕ್ಕೆ ೨೦೦ರಿಂದ ೩೦೦ ಕೋಟಿ ಡಾಲರ್. ಎಂದರೆ ಹೊಸ ಇಂಧನಗಳ ಪಾಲು ಒಟ್ಟು ವೆಚ್ಚದ ಸುಮಾರು ಎಂಟನೆಯ ಒಂದು ಭಾಗ.

ಇಲ್ಲಿ ಲೆಕ್ಕದ ಶೀರ್ಷಿಕೆಗಳೂ ಮುಖ್ಯವಾಗುತ್ತವೆ. ಮಾರಾಟ ಜಾಲದ ವೆಚ್ಚದಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರಗಳೂ ಸೇರಿವೆ, ಆದ್ದರಿಂದ ತಮ್ಮ ಪ್ರಯತ್ನವನ್ನು ಒಂದೇ ಶೀರ್ಷಿಕೆಯಿಂದ ಅಳೆಯಬಾರದು ಎಂದು ಕಂಪನಿ ವಾದಿಸಬಹುದು. ಆದರೆ ಶೀರ್ಷಿಕೆಯ ಸಡಿಲತೆ ಎರಡೂ ಕಡೆಗೆ ಎಳೆಯುತ್ತದೆ. 'ಗ್ಲೋಬಲ್ ವಿಟ್‌ನೆಸ್' ಎಂಬ ಸ್ವಯಂಸೇವಾ ಸಂಸ್ಥೆಯು ೨೦೨೩ರ ಫೆಬ್ರವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ದೂರು ಸಲ್ಲಿಸಿ, ಶೆಲ್ ೨೦೨೧ರಲ್ಲಿ ಈ ವಿಭಾಗಕ್ಕೆ ಶೇ. ೧೨ರಷ್ಟು ವೆಚ್ಚ ತೋರಿಸಿದ್ದರೂ ಸೌರ ಮತ್ತು ಪವನ ವಿದ್ಯುತ್ತಿಗೆ ಹೋದದ್ದು ಒಟ್ಟು ವೆಚ್ಚದ ಶೇ. ೧.೫ ಮಾತ್ರ, ವಿಭಾಗದ ಉಳಿದ ಭಾಗದಲ್ಲಿ ನೈಸರ್ಗಿಕ ಅನಿಲದ ವ್ಯವಹಾರವೂ ಇದೆ ಎಂದು ಆಪಾದಿಸಿತು. ವರದಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ ಎಂಬುದು ಶೆಲ್ ನಿಲುವು.

ಮಿಠಾಯಿಯ ಬಳಿಕ ಪೋರ್ಟರ್ ಅಕ್ಕಿಯನ್ನು ತೆಗೆದುಕೊಂಡರು. ಸಾರ್ವಜನಿಕ ಭೂಮಿಯನ್ನು ಕೊರೆಯಲು ಇನ್ನಷ್ಟು ಗುತ್ತಿಗೆ ಬೇಕೆಂದು ಎಪಿಐ ಕೇಳುತ್ತಿತ್ತು. ಗುತ್ತಿಗೆ ಪಡೆದೂ ಬಳಸದೆ ಉಳಿದಿರುವ ಭೂಮಿ ಸುಮಾರು ೧.೩೯ ಕೋಟಿ ಎಕರೆ. ಎಕರೆಗೊಂದು ಕಾಳಿನಂತೆ ಲೆಕ್ಕ ಹಾಕಿದರೆ ೪೭೯ ಪೌಂಡ್, ಅಂದರೆ ಎರಡು ಕ್ವಿಂಟಲಿಗೂ ಮಿಕ್ಕ ಅಕ್ಕಿಯಾಗುತ್ತದೆ ಎಂದು ಅವರು ಚೀಲಗಳನ್ನು ತೋರಿಸಿದರು. ಗುತ್ತಿಗೆ ಪಡೆದ ಮಾತ್ರಕ್ಕೆ ತೈಲ ದೊರೆಯುವುದಿಲ್ಲ, ಶೋಧನೆಗೂ ಪರವಾನಗಿಗೂ ವರ್ಷಗಳು ಹಿಡಿಯುತ್ತವೆ ಎಂಬುದು ಇಂತಹ ಟೀಕೆಗೆ ಉದ್ಯಮ ಸಾಮಾನ್ಯವಾಗಿ ನೀಡುವ ಸಮಾಧಾನ. ಕೋಟಿಗಳ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿದ ಈ ವಿಧಾನ ಬಹುಬೇಗ ಜನಪ್ರಿಯವಾಯಿತು. ಇದು ನಾಟಕವೆಂದು ಟೀಕಿಸಿದವರೂ ಇದ್ದರು. ಪಾಠ ಹೇಳುವವರು ಮಣಿಕಟ್ಟು ಬಳಸಿ ಲೆಕ್ಕ ಕಲಿಸುವುದನ್ನು ನಾಟಕವೆಂದು ಕರೆದಂತೆಯೇ ಅದು.

ಪ್ರತಿವಾದಗಳು

ಸಮಿತಿಯಲ್ಲಿದ್ದ ರಿಪಬ್ಲಿಕನ್ ಸದಸ್ಯರು, ಮುಖ್ಯವಾಗಿ ಪಕ್ಷದ ಹಿರಿಯ ಸದಸ್ಯ ಜೇಮ್ಸ್ ಕೋಮರ್, ಪೆಟ್ರೋಲ್ ಬೆಲೆ ಏಳು ವರ್ಷಗಳಲ್ಲೇ ಅತ್ಯಧಿಕವಾಗಿರುವಾಗ ಇಂತಹ ವಿಚಾರಣೆ ಜನರ ಗಮನವನ್ನು ಬೇರೆಡೆಗೆ ಸೆಳೆಯುವ ತಂತ್ರವೆಂದರು. ಬೈಡನ್ ಸರ್ಕಾರ ಕೀಸ್ಟೋನ್ ಎಕ್ಸ್‌ಎಲ್ ಕೊಳವೆಮಾರ್ಗದ ಪರವಾನಗಿಯನ್ನು ರದ್ದುಪಡಿಸಿದ್ದರಿಂದ ಕೆಲಸ ಕಳೆದುಕೊಂಡ ಬೆಸುಗೆ ಕಾರ್ಮಿಕರೊಬ್ಬರನ್ನು ಅವರು ಸಾಕ್ಷಿಯಾಗಿ ಕರೆಸಿದ್ದರು. ಇಂಧನ ಪರಿವರ್ತನೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದುರದೃಷ್ಟವಶಾತ್ ವಿಚಾರಣೆಯಲ್ಲಿ ಅದರ ಚರ್ಚೆ ಪಕ್ಷರಾಜಕೀಯದ ಮಾತುಗಳಾಚೆಗೆ ಬೆಳೆಯಲಿಲ್ಲ.

ಕಂಪನಿಗಳ ಮುಖ್ಯ ವಾದವೆಂದರೆ ಬೇಡಿಕೆಯದು. ಜಗತ್ತಿಗೆ ತೈಲ ಬೇಕಿರುವವರೆಗೆ ತಾವು ತೆಗೆಯುವುದನ್ನು ನಿಲ್ಲಿಸಿದರೆ ಬೇರೆಯವರು ತೆಗೆಯುತ್ತಾರೆ ಎಂದು ಅವು ಹೇಳುತ್ತವೆ. ಇದರಲ್ಲಿ ಸತ್ಯಾಂಶವಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ೨೦೨೩ರ ವರದಿಯ ಪ್ರಕಾರ ಜಗತ್ತಿನ ತೈಲ ಮತ್ತು ಅನಿಲ ಉತ್ಪಾದನೆಯಲ್ಲಿ ದೊಡ್ಡ ಖಾಸಗಿ ಕಂಪನಿಗಳ ಪಾಲು ಶೇ. ೧೩ಕ್ಕಿಂತ ಕಡಿಮೆ, ಅರ್ಧಕ್ಕೂ ಹೆಚ್ಚಿನದು ಆಯಾ ದೇಶಗಳ ಸರ್ಕಾರಿ ಕಂಪನಿಗಳ ಕೈಯಲ್ಲಿದೆ. ಸೌದಿ ಅರಾಮ್ಕೊದಂತಹ ಕಂಪನಿಯ ಮುಖ್ಯಸ್ಥರನ್ನು ವಾಷಿಂಗ್ಟನ್ನಿನ ಸಮಿತಿ ಹೀಗೆ ಕರೆಸಿ ಕೇಳಲಾರದು. ಆದರೆ ಅದೇ ವರದಿಯ ಇನ್ನೊಂದು ಅಂಕಿ ಪೋರ್ಟರ್ ಅವರ ಪ್ರಶ್ನೆಯನ್ನು ಸಮರ್ಥಿಸುವಂತಿದೆ: ೨೦೨೨ರಲ್ಲಿ ಇಡೀ ತೈಲ ಮತ್ತು ಅನಿಲ ಉದ್ಯಮ ಶುದ್ಧ ಇಂಧನಕ್ಕೆ ತೊಡಗಿಸಿದ್ದು ಸುಮಾರು ೨,೦೦೦ ಕೋಟಿ ಡಾಲರ್, ಅಂದರೆ ತನ್ನ ಬಂಡವಾಳ ವೆಚ್ಚದ ಶೇ. ೨.೫ರಷ್ಟು. ಅದರಲ್ಲಿಯೂ ಸುಮಾರು ಶೇ. ೬೦ರಷ್ಟು ಈಕ್ವಿನಾರ್, ಟೋಟಲ್‌ಎನರ್ಜೀಸ್, ಶೆಲ್ ಮತ್ತು ಬಿಪಿ ಎಂಬ ನಾಲ್ಕೇ ಕಂಪನಿಗಳಿಂದ ಬಂದಿತ್ತು.

ದಾಖಲೆಗಳ ಬಿಡುಗಡೆ

ಕೇಳಿದ ಆಂತರಿಕ ದಾಖಲೆಗಳನ್ನು ಕಂಪನಿಗಳು ಪೂರ್ಣವಾಗಿ ಸಲ್ಲಿಸಿಲ್ಲವೆಂದು ಮಲೋನಿ ವಿಚಾರಣೆಯ ಕೊನೆಯಲ್ಲಿ ಸಬ್‌ಪೀನಾ ಎಂದು ಕರೆಯುವ ಆಜ್ಞಾಪತ್ರಗಳನ್ನು ಹೊರಡಿಸುವುದಾಗಿ ಪ್ರಕಟಿಸಿದರು. ನವೆಂಬರ್ ೨ರಂದು ಅವು ಹೊರಟವು. ಹೀಗೆ ದೊರೆತ ದಾಖಲೆಗಳಲ್ಲಿ ಕೆಲವನ್ನು ಸಮಿತಿಯು ೨೦೨೨ರ ಸೆಪ್ಟೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಪ್ರಕಟಿಸಿತು. ವಿಚಾರಣೆಯ ದಿನ ಬಾಯಿಬಿಡಿಸಲಾಗದ ಎಷ್ಟೋ ಸಂಗತಿಗಳನ್ನು ಈ ಕಡತಗಳು ಹೇಳಿದವು. ವ್ಯಾಪಾರಕ್ಕೆ ಹೊಂದದ ಮಟ್ಟಕ್ಕೆ ಮಾಲಿನ್ಯ ಇಳಿಸಲು ಕಂಪನಿ ಸಿದ್ಧವಿದೆ ಎಂಬ ಭಾವನೆ ಬಾರದಂತೆ ಎಚ್ಚರ ವಹಿಸಬೇಕೆಂದು ಶೆಲ್ ತನ್ನ ಸಿಬ್ಬಂದಿಗೆ ಸೂಚಿಸಿತ್ತು. ತೈಲ ಕಂಪನಿಗಳ ಜಂಟಿ ಹೇಳಿಕೆಯೊಂದರ ಕರಡಿನಿಂದ ಪ್ಯಾರಿಸ್ ಒಪ್ಪಂದಕ್ಕೆ ಬದ್ಧರಾಗುವ ಮಾತುಗಳನ್ನು ತೆಗೆಸಲು ಎಕ್ಸಾನ್‌ಮೊಬಿಲ್ ಯತ್ನಿಸಿತ್ತು. ಸಂದರ್ಭದಿಂದ ಬೇರ್ಪಡಿಸಿದ ವಾಕ್ಯಗಳನ್ನು ಎತ್ತಿ ತೋರಿಸಲಾಗಿದೆ ಎಂದು ಕಂಪನಿಗಳು ಆಕ್ಷೇಪಿಸಿದವು.

ಈ ನಡುವೆ ರಾಜಕೀಯದ ಗಾಳಿ ಬದಲಾಗಿತ್ತು. ೨೦೨೨ರ ಫೆಬ್ರವರಿ ೮ರಂದು ಕಂಪನಿಗಳ ಆಡಳಿತ ಮಂಡಳಿ ಸದಸ್ಯರನ್ನು ವಿಚಾರಣೆಗೆ ಆಹ್ವಾನಿಸಲಾಗಿತ್ತಾದರೂ ಅವರು ಬರಲಿಲ್ಲ. ಅದೇ ತಿಂಗಳ ೨೪ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ನಡೆಸಿತು. ತೈಲ ಬೆಲೆ ಗಗನಕ್ಕೇರಿತು. ಏಪ್ರಿಲ್ ೬ರಂದು ಪ್ರತಿನಿಧಿ ಸಭೆಯ ಮತ್ತೊಂದು ಸಮಿತಿಯ ಮುಂದೆ ತೈಲ ಕಂಪನಿಗಳ ಮುಖ್ಯಸ್ಥರು ಮತ್ತೆ ಕುಳಿತಾಗ ಡೆಮಾಕ್ರಾಟಿಕ್ ಸದಸ್ಯರ ದೂರು ಬೇರೆಯೇ ಆಗಿತ್ತು: ಬೆಲೆ ಇಷ್ಟು ಏರಿದ್ದರೂ ಉತ್ಪಾದನೆಯನ್ನು ಏಕೆ ಹೆಚ್ಚಿಸುತ್ತಿಲ್ಲ, ಲಾಭವನ್ನೆಲ್ಲ ಷೇರುದಾರರಿಗೆ ಏಕೆ ಹಂಚುತ್ತಿದ್ದೀರಿ? ಐದೇ ತಿಂಗಳಲ್ಲಿ ಪ್ರಶ್ನೆ ಹೀಗೆ ತಿರುಗಿದ್ದನ್ನು ಉದ್ಯಮದವರು ಮರೆಯದೆ ಎತ್ತಿ ಆಡಿದರು. ಆ ವರ್ಷ ಎಕ್ಸಾನ್‌ಮೊಬಿಲ್ ೫,೫೭೦ ಕೋಟಿ ಡಾಲರ್‌ಗಳ ದಾಖಲೆಯ ಲಾಭ ಗಳಿಸಿತು.

ಮಲೋನಿ ೨೦೨೨ರ ಆಗಸ್ಟ್‌ನಲ್ಲಿ ಪಕ್ಷದ ಆಂತರಿಕ ಚುನಾವಣೆಯಲ್ಲಿ ಸೋತರು. ೨೦೨೩ರ ಜನವರಿಯಲ್ಲಿ ಪ್ರತಿನಿಧಿ ಸಭೆ ರಿಪಬ್ಲಿಕನ್ ಪಕ್ಷದ ವಶಕ್ಕೆ ಬಂದು, ಕೋಮರ್ ಸಮಿತಿಯ ಅಧ್ಯಕ್ಷರಾದಾಗ ತನಿಖೆ ಅಲ್ಲಿಗೆ ನಿಂತಿತು. ಡೆಮಾಕ್ರಾಟಿಕ್ ಪಕ್ಷದ ಬಹುಮತವಿದ್ದ ಸೆನೆಟ್‌ನಲ್ಲಿ ಬಜೆಟ್ ಸಮಿತಿಯ ಅಧ್ಯಕ್ಷ ಶೆಲ್ಡನ್ ವೈಟ್‌ಹೌಸ್ ಅದನ್ನು ಮುಂದುವರಿಸಿದರು. ಅವರ ಸಮಿತಿಯೂ ಪ್ರತಿನಿಧಿ ಸಭೆಯ ಸಮಿತಿಯ ಡೆಮಾಕ್ರಾಟಿಕ್ ಸದಸ್ಯರೂ ಸೇರಿ ೨೦೨೪ರ ಏಪ್ರಿಲ್ ೩೦ರಂದು ಜಂಟಿ ವರದಿಯನ್ನು ಪ್ರಕಟಿಸಿದರು. ಉದ್ಯಮವು ವಿಜ್ಞಾನದ ನೇರ ನಿರಾಕರಣೆಯಿಂದ ಇಬ್ಬಗೆಯ ಮಾತಿನತ್ತ ಸಾಗಿದೆ ಎಂಬುದು ಆ ವರದಿಯ ತೀರ್ಮಾನ. ಮೇ ತಿಂಗಳಲ್ಲಿ ವೈಟ್‌ಹೌಸ್ ಮತ್ತು ಜೇಮಿ ರಾಸ್ಕಿನ್ ಈ ವಿಷಯವನ್ನು ತನಿಖೆಗಾಗಿ ನ್ಯಾಯ ಇಲಾಖೆಗೆ ಒಪ್ಪಿಸಿದರು.

ನಂತರದ ಬೆಳವಣಿಗೆಗಳು

ಖನ್ನಾ ಹೊಗಳಿದ ಯೂರೋಪಿನ ಮಾದರಿ ಹೆಚ್ಚು ಕಾಲ ಬಾಳಲಿಲ್ಲ. ಬಿಪಿ ತನ್ನ ಶೇ. ೪೦ರ ಗುರಿಯನ್ನು ೨೦೨೩ರ ಫೆಬ್ರವರಿಯಲ್ಲಿ ಶೇ. ೨೫ಕ್ಕೆ ಇಳಿಸಿತು. ೨೦೨೫ರ ಫೆಬ್ರವರಿಯಲ್ಲಿ ಆ ಗುರಿಯನ್ನೇ ಕೈಬಿಟ್ಟು, ತೈಲ ಮತ್ತು ಅನಿಲದ ಹೂಡಿಕೆಯನ್ನು ವರ್ಷಕ್ಕೆ ಸುಮಾರು ೧,೦೦೦ ಕೋಟಿ ಡಾಲರಿಗೆ ಏರಿಸುವುದಾಗಿಯೂ ಇಂಧನ ಪರಿವರ್ತನೆಯ ಹೂಡಿಕೆಯನ್ನು ಹಿಂದಿನ ಯೋಜನೆಗಿಂತ ೫೦೦ ಕೋಟಿ ಡಾಲರಿಗೂ ಹೆಚ್ಚು ಕಡಿತಗೊಳಿಸಿ ೧೫೦ರಿಂದ ೨೦೦ ಕೋಟಿಗೆ ತರುವುದಾಗಿಯೂ ಪ್ರಕಟಿಸಿತು. ಈ ಶತಮಾನದ ಆರಂಭದಲ್ಲಿ ತನ್ನ ಹೆಸರಿನ ಎರಡಕ್ಷರಗಳಿಗೆ 'ಪೆಟ್ರೋಲಿಯಂನಾಚೆ' ಎಂಬ ಹೊಸ ಅರ್ಥ ಹಚ್ಚಿ ಜಾಹೀರಾತು ನೀಡಿದ್ದ ಕಂಪನಿಯಿದು. ಶೆಲ್ ೨೦೨೩ರ ಜೂನ್‌ನಲ್ಲಿ ತೈಲ ಉತ್ಪಾದನೆಯನ್ನು ೨೦೩೦ರವರೆಗೆ ಇದ್ದಂತೆಯೇ ಉಳಿಸಿಕೊಳ್ಳುವುದಾಗಿ ಹೇಳಿತು. ಇಳಿಕೆಯ ಗುರಿಯನ್ನು ಆಗಲೇ ಮುಟ್ಟಿಯಾಗಿದೆ ಎಂಬುದು ಅದರ ಸಮರ್ಥನೆ. ಆದರೆ ಆ ಇಳಿಕೆಯಲ್ಲಿ ದೊಡ್ಡ ಪಾಲು ಟೆಕ್ಸಾಸ್‌ನ ಪರ್ಮಿಯನ್ ಪ್ರದೇಶದ ಬಾವಿಗಳನ್ನು ೯೫೦ ಕೋಟಿ ಡಾಲರಿಗೆ ಕೊನೊಕೊಫಿಲಿಪ್ಸ್ ಕಂಪನಿಗೆ ಮಾರಿದ್ದರಿಂದ ಬಂದದ್ದು. ಮಾರಾಟದಿಂದ ಮಾಲೀಕರು ಬದಲಾದರೇ ಹೊರತು ಬಾವಿಗಳೇನೂ ಮುಚ್ಚಲಿಲ್ಲ. ಶೆಲ್ ವಿರುದ್ಧದ ೨೦೨೧ರ ತೀರ್ಪನ್ನು ಹೇಗ್ ನಗರದ ಮೇಲ್ಮನವಿ ನ್ಯಾಯಾಲಯ ೨೦೨೪ರ ನವೆಂಬರ್‌ನಲ್ಲಿ ರದ್ದುಪಡಿಸಿತು.

ವಿಚಾರಣೆಯಲ್ಲಿ ಪ್ರಸ್ತಾಪವಾದ ಎರಡು ಕ್ರಮಗಳ ಗತಿಯೂ ಹೀಗೆಯೇ ಆಯಿತು. ಮೀಥೇನ್ ಶುಲ್ಕವೂ ವಿದ್ಯುತ್ ವಾಹನಗಳ ತೆರಿಗೆ ರಿಯಾಯಿತಿಯೂ ೨೦೨೨ರ ಆಗಸ್ಟ್‌ನ ಹಣದುಬ್ಬರ ಇಳಿಕೆ ಕಾಯಿದೆಯಲ್ಲಿ ಸೇರಿದವು. ಟ್ರಂಪ್ ಸರ್ಕಾರ ೨೦೨೫ರ ಜುಲೈನಲ್ಲಿ ತಂದ ತೆರಿಗೆ ಕಾಯಿದೆಯು ಮೀಥೇನ್ ಶುಲ್ಕವನ್ನು ೨೦೩೪ಕ್ಕೆ ಮುಂದೂಡಿತು. ವಿದ್ಯುತ್ ವಾಹನಗಳ ರಿಯಾಯಿತಿಯನ್ನು ಆ ವರ್ಷದ ಸೆಪ್ಟೆಂಬರ್ ೩೦ಕ್ಕೆ ಕೊನೆಗೊಳಿಸಿತು.

ಸಮಿತಿ ಹೊರತಂದ ಕಡತಗಳು ಸಂಸತ್ತಿನ ಹೊರಗೂ ಚರ್ಚೆಯಲ್ಲಿವೆ. ಹವಾಮಾನ ಹಾನಿಗೆ ಪರಿಹಾರ ಕೋರಿ ಅಮೆರಿಕದ ಹಲವು ರಾಜ್ಯಗಳೂ ನಗರಗಳೂ ತೈಲ ಕಂಪನಿಗಳ ಮೇಲೆ ದಾವೆ ಹೂಡಿವೆ. ಕ್ಯಾಲಿಫೋರ್ನಿಯಾ ರಾಜ್ಯವು ೨೦೨೩ರ ಸೆಪ್ಟೆಂಬರ್‌ನಲ್ಲಿ ಹೂಡಿದ ದಾವೆಯಲ್ಲಿ ಎಕ್ಸಾನ್‌ಮೊಬಿಲ್, ಶೆಲ್, ಶೆವ್ರಾನ್, ಬಿಪಿ ಮತ್ತು ಕೊನೊಕೊಫಿಲಿಪ್ಸ್ ಕಂಪನಿಗಳೊಡನೆ ಎಪಿಐ ಸಂಘವನ್ನೂ ಪ್ರತಿವಾದಿಯಾಗಿ ಸೇರಿಸಲಾಗಿದೆ.